ಘಾಟಿ ಹತ್ತುವ ಡೀಸೆಲ್ ಪಿಕಪ್‌ಗೆ ಮಿನರಲ್ ಆಯಿಲೋ, ಸಿಂಥೆಟಿಕ್ ಆಯಿಲೋ?

ಸಕಲೇಶಪುರದ ಸುತ್ತಮುತ್ತಲಿನ ತೋಟಗಳಿಂದ ಕಾಫಿ, ಕಾಳುಮೆಣಸು, ಶುಂಠಿ ಹೇರಿಕೊಂಡು ಒಂದು ದಿನ ಹಾಸನದ ಕಡೆಗೆ, ಇನ್ನೊಂದು ದಿನ ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡೆಗೆ ಓಡುವ ಪಿಕಪ್ ಗಾಡಿಗಳ ಮಾಲೀಕರಿಗೆ ಪ್ರತಿ ಸರ್ವಿಸ್ ಹೊತ್ತಿಗೂ ಎದುರಾಗುವ ಪ್ರಶ್ನೆಯೊಂದಿದೆ. ಎಂಜಿನ್ನಿಗೆ ಮಾಮೂಲಿ ಮಿನರಲ್ ಆಯಿಲ್ ಹಾಕಿಸಬೇಕೇ, ಅದರ ದುಪ್ಪಟ್ಟು ಬೆಲೆಯ ಸಿಂಥೆಟಿಕ್ ಹಾಕಿಸಬೇಕೇ? ಅಂಗಡಿಯವರು ಸಾಮಾನ್ಯವಾಗಿ ದುಬಾರಿಯದನ್ನು ಹೊಗಳುತ್ತಾರೆ, ಗ್ಯಾರೇಜಿನವರು ತಮ್ಮಲ್ಲಿ ಬ್ಯಾರೆಲ್ಲಿನಲ್ಲಿ ಇರುವುದನ್ನೇ ಸಾಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಗಾಡಿಗಳಿವೆ: 2018ರ ಬಿಎಸ್-4 (ಬಿಎಸ್ ಎಂದರೆ ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಹಾಕಿದ ಮಾನದಂಡ) ಬೊಲೆರೊ ಪಿಕಪ್ ಒಂದು, ಸೈಲೆನ್ಸರ್ ಬದಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಜರಡಿ, ಇರುವ ಬಿಎಸ್-6 ಪಿಕಪ್ ಇನ್ನೊಂದು. ಎರಡು ಬಗೆಯ ಆಯಿಲನ್ನೂ ಬಳಸಿ ನೋಡಿದ ಮೇಲೆ ಹಳೆಯ ಗಾಡಿಗೆ ಒಳ್ಳೆಯ ಮಿನರಲ್ ಆಯಿಲನ್ನೂ ಹೊಸದಕ್ಕೆ ಉರಿದಾಗ ಕಡಿಮೆ ಬೂದಿ ಬಿಡುವ ಸಿಂಥೆಟಿಕ್ಕನ್ನೂ ಖಾಯಂ ಮಾಡಿದ್ದೇವೆ. ಗಾಡಿ ಹೊರುವ ತೂಕವನ್ನಾಗಲಿ ಆಯಿಲ್ ಕಂಪನಿಯ ಹೆಸರನ್ನಾಗಲಿ ನೋಡಿ ಮಾಡಿದ ತೀರ್ಮಾನ ಇದಲ್ಲ. ಹೊಗೆ ಹೊರಹೋಗುವ ದಾರಿಯಲ್ಲಿ ಏನು ಕೂತಿದೆ, ಒಮ್ಮೆ ಹಾಕಿದ ಆಯಿಲ್ ಎಷ್ಟು ಕಿಲೋಮೀಟರ್ ಒಳಗಿರಬೇಕು ಎಂಬ ಎರಡು ಸಂಗತಿಗಳನ್ನು ನೋಡಿ ಮಾಡಿದ್ದು.

ಮೊದಲು ಡಬ್ಬಿಯ ಮೇಲಿನ ಅಂಕಿಗಳನ್ನು ನೋಡಬೇಕು, ಏಕೆಂದರೆ ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ. 15ಡಬ್ಲ್ಯು-40 ಎಂಬುದರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಎರಡನೆಯದು ಎಂಜಿನ್ ಬಿಸಿಯಾದ ಮೇಲೆ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. 15ಡಬ್ಲ್ಯು ದರ್ಜೆಯ ಆಯಿಲನ್ನು ಸ್ಟಾರ್ಟಿಂಗ್ ಪರೀಕ್ಷೆಗೆ ಒಡ್ಡುವುದು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ, 5ಡಬ್ಲ್ಯು ದರ್ಜೆಯದನ್ನು 30 ಡಿಗ್ರಿ ಕೆಳಗೆ. ಮಲೆನಾಡಿನಲ್ಲಿ ಜನವರಿಯ ಬೆಳಗಿನ ಜಾವದ ಚಳಿ ಎಷ್ಟೇ ಕೊರೆದರೂ ಈ ಪರೀಕ್ಷೆಯ ಹತ್ತಿರಕ್ಕೂ ಅದು ಬರುವುದಿಲ್ಲ. ಆದ್ದರಿಂದ ಕಾಶ್ಮೀರದಲ್ಲೋ ಹಿಮಾಚಲದ ಮೇಲ್ಭಾಗದಲ್ಲೋ ಗಾಡಿ ಓಡಿಸುವವರಿಗೆ ಸಿಂಥೆಟಿಕ್ಕಿನ ಅತಿ ದೊಡ್ಡ ಗುಣವಾಗಿ ಕಾಣುವ ಈ ಚಳಿ ಸಹಿಷ್ಣುತೆ ಹಾಸನ ಜಿಲ್ಲೆಯ ನಮಗೆ ಹಣ ತೆರುವಷ್ಟು ದೊಡ್ಡ ಕಾರಣವಲ್ಲ.

ಇದರ ಬೆನ್ನಿಗೇ ಎದುರು ದಿಕ್ಕಿನ ತಪ್ಪು ಕಲ್ಪನೆಯೊಂದೂ ಇದೆ. 5ಡಬ್ಲ್ಯು-40 ಸಿಂಥೆಟಿಕ್ ಡಬ್ಬಿಯನ್ನು ತೆರೆದು ಸುರಿಯುವಾಗ ಅದು ಮಿನರಲ್ ಆಯಿಲಿಗಿಂತ ತೆಳ್ಳಗೆ ಕಾಣುತ್ತದೆ. "ಸಾರ್, ಇದು ನೀರಿದ್ದಂಗೆ ಇದೆ, ಲೋಡ್ ಹಾಕ್ಕೊಂಡು ಘಾಟಿ ಹತ್ತುವಾಗ ನಿಲ್ಲಲ್ಲ" ಎಂದು ನಮ್ಮೂರಿನ ಅನುಭವಿ ಮೆಕ್ಯಾನಿಕ್ ಒಬ್ಬರು ಹೇಳಿದ್ದು ಈ ನೋಟದ ಆಧಾರದ ಮೇಲೆ. ಆದರೆ ಡಬ್ಬಿಯಲ್ಲಿ ತಣ್ಣಗಿರುವ ಆಯಿಲನ್ನು ಕಂಡು ಎಂಜಿನ್ನಿನೊಳಗೆ ಕಾದಿರುವ ಆಯಿಲಿನ ಬಗ್ಗೆ ತೀರ್ಮಾನಿಸಲಾಗದು. ಕೊನೆಯ ಅಂಕಿ 40 ಎಂದಿದ್ದರೆ, ಮಿನರಲ್ ಆಗಲಿ ಸಿಂಥೆಟಿಕ್ ಆಗಲಿ, 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಸ್ನಿಗ್ಧತೆ, ಅಂದರೆ ಮಂದತೆಯ ಅಳತೆ, 12.5ರಿಂದ 16.3 ಸೆಂಟಿಸ್ಟೋಕ್ಸ್‌ನೊಳಗೇ ಇರಬೇಕೆಂಬುದು ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ನಿಯಮ. ಕಾದ ಮೇಲೆ ಎರಡೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ನಿಜವಾಗಿ ತೆಳುವಾಗುವುದು ಕೊನೆಯ ಅಂಕಿ 30 ಆದಾಗ. ಅದರ ವ್ಯಾಪ್ತಿ 9.3ರಿಂದ 12.5.

ಇನ್ನು ಸಿಂಥೆಟಿಕ್ ಎಂದರೆ ಏನು ಎಂಬುದು. ನೆಲದಿಂದ ತೆಗೆದ ಕಚ್ಚಾ ತೈಲಕ್ಕೆ ಸಂಬಂಧವೇ ಇಲ್ಲದ, ಪ್ರಯೋಗಾಲಯದಲ್ಲಿ ಹುಟ್ಟಿದ ದ್ರವ ಎಂದು ಬಹಳ ಜನ ನಂಬಿದ್ದಾರೆ. ಎಂಜಿನ್ ಆಯಿಲಿನ ಮೂಲ ಎಣ್ಣೆಯನ್ನು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಗುಂಪುಗಳು ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದ ಮಿನರಲ್ ಎಣ್ಣೆಗಳು. ಮೂರನೆಯ ಗುಂಪು ಕೂಡ ಕಚ್ಚಾ ತೈಲದಿಂದಲೇ ಬರುತ್ತದೆ, ಆದರೆ ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಜಲಜನಕದೊಡನೆ ಸಂಸ್ಕರಿಸಿ ಅದರ ಅಣುರಚನೆಯನ್ನೇ ಬದಲಿಸಿರುತ್ತಾರೆ. ನಾಲ್ಕನೆಯ ಗುಂಪಿನ ಪಾಲಿಆಲ್ಫಾಓಲಿಫಿನ್ ಮಾತ್ರ ಸಣ್ಣ ಅಣುಗಳನ್ನು ಜೋಡಿಸಿ ಕಟ್ಟಿದ್ದು. ಎಸ್ಟರ್ ಮೊದಲಾದವು ಐದನೆಯ ಗುಂಪಿಗೆ ಸೇರುತ್ತವೆ. ಮೂರನೆಯ ಗುಂಪನ್ನು ಸಿಂಥೆಟಿಕ್ ಎಂದು ಕರೆಯಬಹುದೇ ಎಂಬ ಬಗ್ಗೆ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ಅಮೆರಿಕದಲ್ಲಿ ವಿವಾದ ಎದ್ದು, 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಕರೆಯಬಹುದು ಎಂಬ ಕಡೆಗೆ ತೀರ್ಮಾನ ಕೊಟ್ಟಿತು. ಅಲ್ಲಿಂದೀಚೆಗೆ ಸಿಂಥೆಟಿಕ್ ಎಂಬ ಹೆಸರಿನ ಬಹಳಷ್ಟು ಡಬ್ಬಿಗಳಲ್ಲಿ ಇರುವುದು ಈ ಮೂರನೆಯ ಗುಂಪಿನ ಎಣ್ಣೆಯೇ. ಇದನ್ನು ಮೋಸ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಆ ಎಣ್ಣೆಯ ಗುಣ ನಿಜಕ್ಕೂ ಮೇಲ್ಮಟ್ಟದ್ದು: ಶಾಖಕ್ಕೆ ಬೇಗ ಆವಿಯಾಗುವುದಿಲ್ಲ, ಗಾಳಿಯೊಡನೆ ಸೇರಿ ಬೇಗ ಜಿಡ್ಡುಗಟ್ಟುವುದಿಲ್ಲ. ಆದರೆ ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳಿಗಿಂತ ಹಿಂಭಾಗದ ಸಣ್ಣ ಅಕ್ಷರಗಳಲ್ಲಿರುವ ಎಪಿಐ ಮತ್ತು ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎ ಕೊಡುವ ದರ್ಜೆಗಳನ್ನು ಓದುವುದು ಹೆಚ್ಚು ಉಪಯುಕ್ತ ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ಹಳೆಯ ಬೊಲೆರೊ ಪಿಕಪ್‌ನಲ್ಲಿ ಇರುವುದು ಮಹೀಂದ್ರದ 2,523 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ವೇಗಕ್ಕೆ ಹುಟ್ಟಿದ್ದಲ್ಲ, ಕಡಿಮೆ ಸುತ್ತಿನಲ್ಲಿ ಎಳೆಯುವುದಕ್ಕೆ ಹುಟ್ಟಿದ್ದು. ಇದಕ್ಕೆ ನಾವು ಬಹುಕಾಲ ಹಾಕಿಸಿದ್ದು 15ಡಬ್ಲ್ಯು-40 ಮಿನರಲ್ ಆಯಿಲ್, ಡೀಸೆಲ್ ಎಂಜಿನ್ನುಗಳಿಗೆಂದು ಎಪಿಐ ಗೊತ್ತುಮಾಡಿದ ಸಿಐ-4 ಪ್ಲಸ್ ದರ್ಜೆಯದ್ದು. ಕ್ಯಾಸ್ಟ್ರಾಲ್ ಸಿಆರ್‌ಬಿ, ಶೆಲ್ ರಿಮುಲಾ, ಇಂಡಿಯನ್ ಆಯಿಲಿನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಮಹೀಂದ್ರದ್ದೇ ಆದ ಮ್ಯಾಕ್ಸಿಮೈಲ್ ಹೀಗೆ ಹಲವು ಹೆಸರುಗಳಲ್ಲಿ ಡೀಸೆಲ್ ಗಾಡಿಗಳ ಆಯಿಲ್ ಸಣ್ಣ ಪೇಟೆಗಳಲ್ಲೂ ಸಿಗುತ್ತದೆ, ಮತ್ತು ದರ್ಜೆ ಒಂದೇ ಆಗಿದ್ದರೆ ಇವುಗಳ ನಡುವೆ ನಮ್ಮ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆಯಿಲ್ ಹೇಗೆ ವರ್ತಿಸುತ್ತಿದೆ ಎಂಬುದನ್ನು ತಿಳಿಯಲು ಗೇಜ್ ಕಡ್ಡಿಗಿಂತ ಒಳ್ಳೆಯ ಸಾಧನ ಮಾಲೀಕನ ಕೈಯಲ್ಲಿ ಇನ್ನೊಂದಿಲ್ಲ. ಸಮತಟ್ಟಾದ ಜಾಗದಲ್ಲಿ, ರಾತ್ರಿಯೆಲ್ಲ ನಿಂತ ಗಾಡಿಯ ಕಡ್ಡಿಯನ್ನು ಹೊರತೆಗೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದರೆ ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ ಆಯಿಲಿನ ಅಂಚು ಗೆರೆ ಎಳೆದಂತೆ ನಿಂತಿರುತ್ತದೆ. ಹೊಸ ಮಿನರಲ್ ಆಯಿಲ್ ಹಾಕಿದ ದಿನ ಆ ಅಂಚಿನ ಕೆಳಗೆ ಕಡ್ಡಿಯ ಲೋಹ ಜೇನಿನ ಬಣ್ಣದಲ್ಲಿ ಕಾಣುತ್ತದೆ; ಮಂಗಳೂರಿಗೆ ಹೋಗಿಬರುವಷ್ಟರಲ್ಲಿ ಕಡ್ಡಿ ಕಪ್ಪಾಗಿ, ಬೆರಳಿಗೆ ಹತ್ತಿದ ಆಯಿಲನ್ನು ಹಳೆಯ ಬಟ್ಟೆಗೆ ಒರೆಸಿದರೂ ಉಗುರಿನ ಸಂದಿಯಲ್ಲಿ ಮಸಿ ಉಳಿಯುತ್ತದೆ. ಹೀಗೆ ಕಪ್ಪಾದದ್ದನ್ನು ನೋಡಿ ಆಯಿಲ್ ಕೆಟ್ಟಿತು ಎಂದು ಹೆದರುವವರಿದ್ದಾರೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಗಂಟುಕಟ್ಟಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಆಯಿಲಿನ ಕೆಲಸ. ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವುದರ ಗುರುತು. ಸಿಂಥೆಟಿಕ್ ಹಾಕಿಸಿದಾಗಲೂ ಇದೇ ಎಂಜಿನ್ನಿನಲ್ಲಿ ಅಷ್ಟೇ ಬೇಗ ಕಪ್ಪಾಯಿತು. ಮಸಿ ಎಷ್ಟು ಹುಟ್ಟಬೇಕು ಎಂಬುದನ್ನು ಇಂಜೆಕ್ಟರ್, ಏರ್ ಫಿಲ್ಟರ್ ಮತ್ತು ಓಡಿಸುವ ಕ್ರಮ ನಿರ್ಧರಿಸುತ್ತವೆಯೇ ಹೊರತು ಮೂಲ ಎಣ್ಣೆಯಲ್ಲ.

ಹಳೆಯ ಗಾಡಿಗೆ 5ಡಬ್ಲ್ಯು-40 ಸಿಂಥೆಟಿಕ್ ಹಾಕಿಸಿ ಓಡಿಸಿದ ಅವಧಿಯಲ್ಲಿ ಕಂಡ ಒಳ್ಳೆಯ ಗುಣಗಳನ್ನೂ ಹೇಳಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಪ್ರೆಷರಿನ ಕೆಂಪು ದೀಪ ಬೇಗ ಆರಿತು, ಮೊದಲ ಕೆಲವು ಕ್ಷಣಗಳ ಒಣ ಸದ್ದು ಕಡಿಮೆಯಾಯಿತು. ಘಾಟಿಯ ಬುಡದ ಗುಂಡ್ಯದಿಂದ ಮೇಲಕ್ಕೆ ತುಂಬಿದ ಲೋಡಿನೊಂದಿಗೆ ಎರಡನೆಯ, ಮೂರನೆಯ ಗೇರಿನಲ್ಲೇ ಏರಬೇಕಾದ ತಿಂಗಳುಗಳಲ್ಲಿ ಮಿನರಲ್ ಆಯಿಲ್ ಇದ್ದಾಗ ಕಡ್ಡಿಯಲ್ಲಿ ಮಟ್ಟ ಸ್ವಲ್ಪ ಇಳಿಯುತ್ತಿತ್ತು, ಸಿಂಥೆಟಿಕ್ ಇದ್ದಾಗ ಆ ಇಳಿತ ಕಡಿಮೆಯಾಯಿತು. ಸುಲಭವಾಗಿ ಆವಿಯಾಗದ ಎಣ್ಣೆಯಿಂದ ನಿರೀಕ್ಷಿಸಬಹುದಾದದ್ದೇ ಇದು. ಮೈಲೇಜಿನಲ್ಲಿ ಮಾತ್ರ ನನಗೆ ಯಾವ ಬದಲಾವಣೆಯೂ ತಿಳಿಯಲಿಲ್ಲ; ಲೋಡು, ರಸ್ತೆ, ಮಳೆ ಇವುಗಳಿಂದ ಆಗುವ ಏರಿಳಿತವೇ ಅದಕ್ಕಿಂತ ಎಷ್ಟೋ ದೊಡ್ಡದು.

ಲೆಕ್ಕಕ್ಕೆ ಬಂದರೆ ಚಿತ್ರ ಸ್ಪಷ್ಟವಾಗುತ್ತದೆ. ಆರು ಲೀಟರ್ ಹಿಡಿಯುವ ಎಂಜಿನ್ ಎಂದಿಟ್ಟುಕೊಳ್ಳೋಣ. ಮಿನರಲ್ ಆಯಿಲ್ ಲೀಟರಿಗೆ 350 ರೂಪಾಯಿಯಾದರೆ 2,100, ಫಿಲ್ಟರಿಗೆ 400 ಸೇರಿಸಿದರೆ 2,500. ಇದನ್ನು 10,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 25 ಪೈಸೆ. ಸಿಂಥೆಟಿಕ್ ಲೀಟರಿಗೆ 750 ರೂಪಾಯಿ ಎಂದರೆ ಫಿಲ್ಟರ್ ಸೇರಿ 4,900. ಅದನ್ನೂ 10,000ಕ್ಕೇ ಬದಲಿಸಿದರೆ ಕಿಲೋಮೀಟರಿಗೆ 49 ಪೈಸೆ, 20,000ದವರೆಗೆ ಓಡಿಸಿದರೆ ಮಾತ್ರ ಮತ್ತೆ 25 ಪೈಸೆಯ ಆಸುಪಾಸಿಗೆ ಇಳಿಯುತ್ತದೆ. ಡೀಸೆಲ್ ಲೀಟರಿಗೆ ಸುಮಾರು 90 ರೂಪಾಯಿ, ಗಾಡಿ ಕೊಡುವುದು 13 ಕಿಲೋಮೀಟರ್ ಎಂದರೆ ಇಂಧನದ ಖರ್ಚೇ ಕಿಲೋಮೀಟರಿಗೆ ಏಳು ರೂಪಾಯಿಯ ಹತ್ತಿರ. ಆಯಿಲಿಗೆ ಹೆಚ್ಚು ತೆತ್ತ 24 ಪೈಸೆಯನ್ನು ಮೈಲೇಜಿನಿಂದಲೇ ಹಿಂಪಡೆಯಬೇಕಾದರೆ ಡೀಸೆಲ್ ಖರ್ಚು ನೂರಕ್ಕೆ ಮೂರೂವರೆಯಷ್ಟು ಇಳಿಯಬೇಕು. 15ಡಬ್ಲ್ಯು-40ರಿಂದ 5ಡಬ್ಲ್ಯು-40ಕ್ಕೆ ಬದಲಿಸಿದ ಮಾತ್ರಕ್ಕೆ ಅಷ್ಟು ಉಳಿತಾಯ ನಮಗೆ ಸಿಕ್ಕಿಲ್ಲ. ಹಾಗಾಗಿ ಸಿಂಥೆಟಿಕ್ ಲಾಭದಾಯಕವಾಗುವುದು ಬದಲಾವಣೆಯ ಅಂತರವನ್ನು ಎರಡು ಪಟ್ಟು ಮಾಡಿದಾಗ. ಅಂತರ ಹೆಚ್ಚಿಸಲು ಗಾಡಿಯ ಕೈಪಿಡಿಯ ಒಪ್ಪಿಗೆ ಇರಬೇಕು. ಮಸಿ ಹೆಚ್ಚು ಉಗುಳುವ ಹಳೆಯ ಎಂಜಿನ್ನಿನಲ್ಲಿ, ಧೂಳಿನ ತೋಟದ ದಾರಿಯಲ್ಲಿ, ಆಯಿಲ್ ಎಷ್ಟೇ ದುಬಾರಿಯಾಗಿದ್ದರೂ ಕೈಪಿಡಿಯ ಅಂತರ ಮೀರಿ ಬಿಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳೆಯ ಪಿಕಪ್ ಮಿನರಲ್‌ಗೆ ಮರಳಿದ್ದು ಈ ಲೆಕ್ಕದಿಂದ.

ಇಲ್ಲಿ ಹಿರಿಯ ಮೆಕ್ಯಾನಿಕ್‌ಗಳ ಪರವಾಗಿ ಒಂದು ಮಾತು. ಐದು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಲೇಬೇಕು ಎಂದು ಅವರು ಹಟ ಹಿಡಿಯುವುದು ಹಣದ ಆಸೆಯಿಂದಲ್ಲ. ಬಿಎಸ್-3 ಕಾಲದ ಡೀಸೆಲ್‌ನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷ ಭಾಗದಲ್ಲಿ 350ರವರೆಗೆ ಇರಲು ಅವಕಾಶವಿತ್ತು. ಗಂಧಕ ಉರಿದು ಆಮ್ಲವಾಗುತ್ತದೆ, ಆ ಆಮ್ಲವನ್ನು ತಣಿಸಲು ಆಯಿಲ್ ತನ್ನ ಕ್ಷಾರವನ್ನು ಕಳೆದುಕೊಳ್ಳುತ್ತದೆ, ಕ್ಷಾರ ಮುಗಿದ ಮೇಲೆ ಬೇರಿಂಗುಗಳು ಸವೆಯಲು ತೊಡಗುತ್ತವೆ. ಅಂಥ ಡೀಸೆಲ್ ಕಾಲದಲ್ಲಿ ಬೇಗ ಬದಲಿಸುವುದೇ ವಿವೇಕವಾಗಿತ್ತು. ಬಿಎಸ್-4ರಲ್ಲಿ ಈ ಮಿತಿ 50ಕ್ಕೆ, 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾದ ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಇಂದು ಹಳೆಯ ಗಾಡಿಯ ಟ್ಯಾಂಕಿಗೂ ಬೀಳುವುದು ಈ ಶುದ್ಧ ಡೀಸೆಲ್ಲೇ. ಹಿಂದೆ ಸಿಂಥೆಟಿಕ್ಕಿನಿಂದ ಸಿಗಬಹುದಾಗಿದ್ದ ರಕ್ಷಣೆಯ ಒಂದು ಪಾಲು ಈಗ ಬಂಕಿನಲ್ಲೇ ಸಿಗುತ್ತಿದೆ ಎಂಬುದು ಮಿನರಲ್ ಆಯಿಲಿನ ಪರವಾಗಿರುವ, ಯಾರೂ ಹೆಚ್ಚಾಗಿ ಆಡದ ಮಾತು.

ಹೊಸ ಪಿಕಪ್‌ನ ವಿಷಯ ಸಂಪೂರ್ಣ ಬೇರೆ. ಅದರ ಹೊಗೆಯ ದಾರಿಯಲ್ಲಿರುವ ಡಿಪಿಎಫ್ ಎಂಬ ಜರಡಿ ಮಸಿಯನ್ನು ಹಿಡಿದು ಕೂಡಿಟ್ಟುಕೊಳ್ಳುತ್ತದೆ. ತುಂಬುತ್ತ ಬಂದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಕಳುಹಿಸಿ, ಶಾಖ ಏರಿಸಿ ಆ ಮಸಿಯನ್ನು ಸುಡುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ. ಈ ಬೂದಿಯ ಬಹುಪಾಲು ಬರುವುದು ಎಂಜಿನ್ನಿನಲ್ಲಿ ಸ್ವಲ್ಪಸ್ವಲ್ಪವೇ ಉರಿಯುವ ಆಯಿಲಿನಿಂದ, ಅದರಲ್ಲಿ ಬೆರೆಸಿದ ಕ್ಯಾಲ್ಸಿಯಂ, ಸತುವಿನ ಸಂಯುಕ್ತಗಳಿಂದ. 2002ರಲ್ಲಿ ಬಂದ ಸಿಐ-4 ದರ್ಜೆಗೆ ಬೂದಿಯ ಮಿತಿಯೇ ಇಲ್ಲ, ಏಕೆಂದರೆ ಅದನ್ನು ರೂಪಿಸಿದ್ದು ಡಿಪಿಎಫ್ ಇಲ್ಲದ ಗಾಡಿಗಳಿಗೆ. 2016ರ ಕೊನೆಗೆ ಬಂದ ಸಿಕೆ-4 ದರ್ಜೆಯಲ್ಲಿ ಬೂದಿ ನೂರಕ್ಕೆ ಒಂದನ್ನು ಮೀರುವಂತಿಲ್ಲ, ಯುರೋಪಿನ ಎಸಿಇಎ ಸಿ3 ದರ್ಜೆಯಲ್ಲಿ 0.8ನ್ನು ಮೀರುವಂತಿಲ್ಲ. ನಮ್ಮ ಹೊಸ ಗಾಡಿಯ ಕೈಪಿಡಿ ಕೇಳುವುದು ಸಿ3 ದರ್ಜೆಯ 5ಡಬ್ಲ್ಯು-30 ಆಯಿಲನ್ನು. ಅಷ್ಟು ಬಿಗಿಯಾದ ಮಿತಿಗಳಲ್ಲಿ ಚಳಿಗೆ ಹರಿಯುವ, ಶಾಖಕ್ಕೆ ಆವಿಯಾಗದ ಎಣ್ಣೆಯನ್ನು ಬರೀ ಹಳೆಯ ಬಗೆಯ ಮಿನರಲ್ ಮೂಲದಿಂದ ಮಾಡುವುದು ಕಷ್ಟ. ಆದ್ದರಿಂದ ಅಂಗಡಿಯಲ್ಲಿ ಈ ದರ್ಜೆಯಲ್ಲಿ ಸಿಗುವುದು ಸಿಂಥೆಟಿಕ್ಕೇ. ಇಲ್ಲಿ ಆಯ್ಕೆಯ ಪ್ರಶ್ನೆ ಏಳುವುದೇ ಇಲ್ಲ.

ಈ ಗಾಡಿಯನ್ನು ಒಮ್ಮೆ ಊರಿನಿಂದ ದೂರದ ಗ್ಯಾರೇಜೊಂದರಲ್ಲಿ ಸರ್ವಿಸ್‌ಗೆ ಬಿಟ್ಟಾಗ, ಕೈಪಿಡಿ ತೋರಿಸಿದ ಮೇಲೂ, ಅಲ್ಲಿನವರು ಬ್ಯಾರೆಲ್ಲಿನ 15ಡಬ್ಲ್ಯು-40 ತಂದು ಸುರಿಯಲು ಸಿದ್ಧರಾಗಿದ್ದರು. ಡೀಸೆಲ್ ಗಾಡಿಗೆಲ್ಲ ಇದೇ ಎಂಬುದು ಅವರ ವಾದ. ಡಿಪಿಎಫ್ ಬೂದಿಯಿಂದ ಕಟ್ಟಿಕೊಂಡರೆ ಅದರ ಫಲ ಅಂದೇ ಕಾಣುವುದಿಲ್ಲ. ಹತ್ತಾರು ಸಾವಿರ ಕಿಲೋಮೀಟರ್ ಕಳೆದ ಮೇಲೆ ಎಳೆತ ಕುಗ್ಗಿ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಂಡಾಗ ಕಾರಣ ಯಾರಿಗೂ ನೆನಪಿರುವುದಿಲ್ಲ, ಖರ್ಚು ಮಾತ್ರ ಮಾಲೀಕನದ್ದು, ಅದೂ ಎರಡು ಆಯಿಲುಗಳ ಬೆಲೆಯ ವ್ಯತ್ಯಾಸದ ಹಲವು ಪಟ್ಟು. ಹೀಗಾಗಿ ಈಗ ಆಯಿಲ್ ಡಬ್ಬಿಯನ್ನು ನಾವೇ ಕೊಂಡೊಯ್ಯುತ್ತೇವೆ.

30 ಎಂಬ ಅಂಕಿ ಕಂಡು ಘಾಟಿಯ ಲೋಡಿಗೆ ಇದು ತಡೆದೀತೇ ಎಂದು ಚಿಂತಿಸುವವರಿಗೆ ಸಮಾಧಾನದ ಸಂಗತಿಯೊಂದಿದೆ. ಬೇರಿಂಗಿನ ನಡುವೆ ಜಜ್ಜಿಸಿಕೊಳ್ಳುವ ಸ್ಥಿತಿಯಲ್ಲಿ, 150 ಡಿಗ್ರಿ ಶಾಖದಲ್ಲಿ ಆಯಿಲ್ ಉಳಿಸಿಕೊಳ್ಳಬೇಕಾದ ಕನಿಷ್ಠ ಸ್ನಿಗ್ಧತೆಯನ್ನು ಬೇರೆಯಾಗಿಯೇ ಅಳೆಯುತ್ತಾರೆ. 15ಡಬ್ಲ್ಯು-40ಕ್ಕೆ ಆ ಕನಿಷ್ಠ ಮಟ್ಟ 3.7 ಮಿಲಿಪಾಸ್ಕಲ್ ಸೆಕೆಂಡ್, ಸಿ3 ದರ್ಜೆಯ ಆಯಿಲಿಗೆ 3.5. ಡಬ್ಬಿಯ ಮೇಲಿನ 40 ಮತ್ತು 30ರ ನಡುವೆ ಕಾಣುವಷ್ಟು ಅಂತರ ಬೇರಿಂಗಿನ ಬಳಿ ಇಲ್ಲ. ಆದರೆ 5ಡಬ್ಲ್ಯು-30 ಎಂದು ಬರೆದಿರುವ ಎಲ್ಲ ಆಯಿಲಿಗೂ ಈ ಭರವಸೆ ಅನ್ವಯಿಸದು, ಪೆಟ್ರೋಲ್ ಕಾರುಗಳಿಗೆಂದು ಮಾಡಿದವು ಇದಕ್ಕಿಂತ ತೆಳುವಾಗಿರಬಹುದು. ಸಿ3 ಎಂಬ ಎರಡಕ್ಷರ ಇದೆಯೇ ಎಂದು ನೋಡಲೇಬೇಕು.

ಡಿಪಿಎಫ್ ಗಾಡಿಯಲ್ಲಿ ಕಡ್ಡಿ ಪರೀಕ್ಷೆಯ ಅರ್ಥವೂ ಬದಲಾಗುತ್ತದೆ. ಹಳೆಯ ಗಾಡಿಯಲ್ಲಿ ಮಟ್ಟ ಇಳಿದರೆ ಚಿಂತೆ, ಇದರಲ್ಲಿ ಏರಿದರೂ ಚಿಂತೆ. ಹತ್ತಿರದ ಓಡಾಟದಲ್ಲಿ ಮಸಿ ಸುಡುವ ಕ್ರಿಯೆ ಅರ್ಧಕ್ಕೆ ನಿಂತಾಗ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲಿನೊಳಗೆ ಸೇರುತ್ತದೆ. ಡೀಸೆಲ್ ಬೆರೆತ ಆಯಿಲ್ ತೆಳುವಾಗುತ್ತದೆ. ಸಿಂಥೆಟಿಕ್ ಆದ ಮಾತ್ರಕ್ಕೆ ಅದಕ್ಕೆ ವಿನಾಯಿತಿ ಇಲ್ಲ. ತೋಟದಿಂದ ಊರಿನ ಗೋದಾಮಿಗೆ ಮಾತ್ರ ಓಡುವ ವಾರಗಳಲ್ಲಿ ನಾವು ಹಾಸನದವರೆಗೆ ಒಮ್ಮೆ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸಿ ತರುತ್ತೇವೆ, ಮಟ್ಟ ಮೇಲಿನ ಗುರುತು ದಾಟಿದರೆ ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸುತ್ತೇವೆ.

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಲು ಹೊಗೆಯ ಬಲದಿಂದ ತಿರುಗುವ ಟರ್ಬೊ ಎರಡು ಗಾಡಿಗಳಲ್ಲೂ ಇದೆ. ಘಾಟಿ ಹತ್ತಿ ಮಾರನಹಳ್ಳಿಯ ಬಳಿ ಚಹಾಕ್ಕೆ ನಿಲ್ಲಿಸುವವರು ತಕ್ಷಣ ಎಂಜಿನ್ ಆರಿಸಿದರೆ ಕೆಂಡವಾದ ಟರ್ಬೊದಲ್ಲಿ ಆಯಿಲ್ ಹರಿಯುವುದು ನಿಂತು, ನಿಂತಲ್ಲೇ ಬೆಂದು ಕರಿಕಾಗುತ್ತದೆ. ಸಿಂಥೆಟಿಕ್ ಇದನ್ನು ಮಿನರಲ್‌ಗಿಂತ ಚೆನ್ನಾಗಿ ತಡೆಯುತ್ತದೆ ಎಂಬುದು ನಿಜ. ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆರಿಸುವ ಡ್ರೈವರ್ ಅದಕ್ಕಿಂತಲೂ ಚೆನ್ನಾಗಿ ತಡೆಯುತ್ತಾನೆ. ಬಾಡಿಗೆ ಡ್ರೈವರುಗಳ ಕೈಯಲ್ಲಿ ಗಾಡಿ ಬಿಟ್ಟಿರುವ ಮಾಲೀಕರು ಹಳೆಯ ಗಾಡಿಗೂ ಸಿಂಥೆಟಿಕ್ ಹಾಕಿಸುವೆ ಎಂದರೆ ನಾನು ಬೇಡವೆನ್ನಲಾರೆ.

ಖರೀದಿಯ ಬಗ್ಗೆ ಹೇಳುವುದಾದರೆ, ಹೆಸರಾಂತ ಕಂಪನಿಗಳ ಖಾಲಿ ಡಬ್ಬಿಗಳಿಗೆ ಕಳಪೆ ಆಯಿಲ್ ತುಂಬಿ ಮಾರುವ ದಂಧೆಗೆ ದುಬಾರಿ ಆಯಿಲೇ ಹೆಚ್ಚು ಲಾಭದಾಯಕ. ನಕಲಿ ಸಿಂಥೆಟಿಕ್ಕಿಗಿಂತ ಅಸಲಿ ಮಿನರಲ್ ಸಾವಿರ ಪಾಲು ಮೇಲು. ಪೆಟ್ರೋಲ್ ಬಂಕಿನಲ್ಲಿ ಅಥವಾ ಅಧಿಕೃತ ಮಾರಾಟಗಾರರಲ್ಲಿ ಬಿಲ್ಲು ಪಡೆದು ಕೊಳ್ಳುವುದು, ಮುಚ್ಚಳದ ಸೀಲು ನೋಡುವುದು, ಸುರಿದ ಮೇಲೆ ಡಬ್ಬಿಯನ್ನು ಅಲ್ಲೇ ಕೊಯ್ದು ಹಾಕುವುದು, ಇಷ್ಟನ್ನು ನಾವು ತಪ್ಪಿಸುವುದಿಲ್ಲ.

ನಡುವಿನ ದಾರಿಯೆಂದು ಸೆಮಿ ಸಿಂಥೆಟಿಕ್ ಕೊಳ್ಳುವವರಿದ್ದಾರೆ. ಅದರಲ್ಲಿ ಸಿಂಥೆಟಿಕ್ ಪಾಲು ಎಷ್ಟಿರಬೇಕೆಂಬ ಖಚಿತ ನಿಯಮ ಇಲ್ಲದಿರುವುದರಿಂದ ಆ ಪದಕ್ಕೆ ಹಣ ಕೊಡಲು ನನಗೆ ಮನಸ್ಸಿಲ್ಲ. ದರ್ಜೆ ಸರಿಯಿದ್ದು ಬೆಲೆ ಹತ್ತಿರವಿದ್ದರೆ ಕೊಳ್ಳಬಹುದು. ಮಿನರಲ್‌ನಿಂದ ಸಿಂಥೆಟಿಕ್ಕಿಗೆ ಹೋದರೆ ಸೀಲುಗಳು ಸೋರುತ್ತವೆ ಎಂಬ ಭಯ ಇಂದಿನ ಆಯಿಲುಗಳ ಮಟ್ಟಿಗೆ ಹಳೆಯ ಮಾತು. ಆದರೆ ವರ್ಷಗಟ್ಟಲೆ ಜಿಡ್ಡು ಕಟ್ಟಿರುವ ಎಂಜಿನ್ನಿಗೆ ಮೊದಲ ಬಾರಿ ಸಿಂಥೆಟಿಕ್ ಹಾಕಿದಾಗ ಕೊಳೆ ಸಡಿಲವಾಗಿ ಫಿಲ್ಟರಿಗೆ ಬರುವ ಸಾಧ್ಯತೆ ಇರುವುದರಿಂದ ಆ ಮೊದಲ ಸುತ್ತನ್ನು ಅರ್ಧಕ್ಕೆ ನಿಲ್ಲಿಸಿ, ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸುವುದು ಕ್ಷೇಮ. ಇನ್ನು ಘಾಟಿಯ ನಡುವೆ ಆಯಿಲ್ ಕೆಳಗಿನ ಗುರುತಿಗಿಂತ ಇಳಿದು, ಹತ್ತಿರದ ಅಂಗಡಿಯಲ್ಲಿ ನಮ್ಮ ಬಗೆಯದು ಸಿಗದಿದ್ದರೆ, ಸಿಂಥೆಟಿಕ್ ಇರುವಲ್ಲಿ ಮಿನರಲ್ ಬೆರೆಸಲು ಹೆದರಬೇಕಾಗಿಲ್ಲ. ಎಪಿಐ ದರ್ಜೆ ಪಡೆದ ಆಯಿಲುಗಳು ಒಂದರೊಡನೊಂದು ಒಡೆಯದೆ ಬೆರೆಯಲೇಬೇಕೆಂಬ ಪರೀಕ್ಷೆ ಇದೆ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಒಂದು ಲೀಟರ್ ಬೇರೆ ಬಗೆಯದನ್ನು ಸುರಿದು ಊರು ಸೇರಿ, ಡಿಪಿಎಫ್ ಗಾಡಿಯಾಗಿದ್ದರೆ ಮುಂದಿನ ಬದಲಾವಣೆಯನ್ನು ಸ್ವಲ್ಪ ಮುಂಚಿತವಾಗಿಯೇ ಮಾಡಿಸಿಕೊಂಡರೆ ಸಾಕು.